ತಿಪ್ಪೆಯ ಪಾಲುದಾರರು

ಸಂಗೊಳ್ಳಿ ಎಂದೊಡನೆ ರಾಯಣ್ಣನ ಮಾತು ಬರುತ್ತದೆ, ಬರಲೇಬೇಕು. ಆದರೆ ಈ ವಾರ ನಾನು ಬರೆಯಹೊರಟಿರುವುದು ಅದೇ ಊರಿನ, ಅದೇ ಮಲಪ್ರಭೆಯ ದಂಡೆಯ ಇನ್ನೊಂದು ಹಳೆಯ ಸಂಗತಿಯ ಬಗ್ಗೆ. ಅದು ತಿಪ್ಪೆ. ರಾಯಣ್ಣನಿಗೆ ಲಾವಣಿಗಳಿವೆ, ಇಂಗ್ಲಿಷರ ಕಡತಗಳಿವೆ, 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ ನೆನಪಿದೆ. ಸಂಪಗಾವಿಯ ಕಚೇರಿಯಲ್ಲಿ ಅವನ ಜನ ಸುಟ್ಟದ್ದು ಸರ್ಕಾರದ ಕಾಗದಪತ್ರಗಳನ್ನು. ತಿಪ್ಪೆಗೆ ಸುಡಲಿಕ್ಕೂ ಒಂದು ಕಾಗದವಿಲ್ಲ. ಅದರ ಚರಿತ್ರೆಯನ್ನು ಮಾತಿನಲ್ಲಿ, ಹೆಸರುಗಳಲ್ಲಿ, ಹಬ್ಬಗಳಲ್ಲಿ ಹುಡುಕಬೇಕು, ಮತ್ತೆ ಆಗಾಗ ದೂರದ ಊರುಗಳ ದಫ್ತರಗಳಲ್ಲಿ.

ಇದನ್ನು ಬರೆಯಲು ಕಾರಣ ನಾಯಿಗಳು. ಬೈಲಹೊಂಗಲ, ಸವದತ್ತಿ, ಕಿತ್ತೂರು, ರಾಮದುರ್ಗ, ಯಾವ ತಾಲೂಕಿನ ಯಾವ ಊರಿಗೆ ಹೋದರೂ ಈಗ ಒಂದೇ ದೂರು. ಕಸ ಹಾಕುವ ಜಾಗದಲ್ಲಿ ಹತ್ತು ಹದಿನೈದು ನಾಯಿಗಳ ಹಿಂಡು, ಅವುಗಳ ಜೊತೆ ಹಂದಿ, ಪ್ಲಾಸ್ಟಿಕ್ ಚೀಲ ಅಗಿಯುವ ಬೀಡಾಡಿ ದನ. ಹುಡುಗರು ಸಾಲಿಗೆ ಹೋಗಬೇಕಾದರೆ ಆ ಮೂಲೆ ದಾಟುವಾಗ ಕೈಯಲ್ಲಿ ಕಲ್ಲು ಹಿಡಿದುಕೊಂಡೇ ದಾಟುತ್ತಾರೆ. ನಮ್ಮ ಓಣಿಯ ಎರಡನೇ ಇಯತ್ತೆಯ ಹುಡುಗನೊಬ್ಬನಿಗೆ ನಾಯಿ ಮೀನಖಂಡಕ್ಕೇ ಬಾಯಿ ಹಾಕಿತು. ಸೂಜಿಗಾಗಿ ಅವನ ತಾಯಿ ಕೂಲಿ ಬಿಟ್ಟು ನಾಲ್ಕು ಸಲ ತಾಲೂಕು ಊರಿಗೆ ಅಡ್ಡಾಡಿದಳು. ಕಟ್ಟೆಯ ಮೇಲೆ ಈ ಮಾತು ನಡೆದಾಗ ಎಂಬತ್ತು ದಾಟಿದ ಆಯಿಯೊಬ್ಬಳು ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. "ತಮ್ಮಾ, ನಮ್ಮ ತಿಪ್ಯಾಗ ಒಂದು ಅಗಳ ಅನ್ನ ಬೀಳ್ತಿರಲಿಲ್ಲ. ಮತ್ತ ನಾಯಿ ಯಾಕ ಬರ್ತಾವ?"

ಆ ಮಾತನ್ನು ಬಿಡಿಸಿ ನೋಡಿದರೆ ಒಂದು ದೊಡ್ಡ ಲೆಕ್ಕವಿದೆ. ಹಳೆಯ ಒಕ್ಕಲುತನದ ಮನೆಯಲ್ಲಿ ಉಳಿದದ್ದೆಲ್ಲ ತಿಪ್ಪೆಗೆ ಹೋಗುತ್ತಿರಲಿಲ್ಲ. ಪಾತ್ರೆ ತೊಳೆದ ಮುಸುರೆ ಎಮ್ಮೆಯ ಪಾಲು. ಕಾಯಿಪಲ್ಲೆಯ ಸಿಪ್ಪೆ ಆಡಿಗೆ, ಇಲ್ಲವೇ ಅದೇ ಎಮ್ಮೆಗೆ. ಕಾಳು ಹಸನು ಮಾಡುವಾಗ ಬಿದ್ದ ನುಚ್ಚು, ಹುಳುಕು ಕೋಳಿಗೆ. ಉಳಿದ ರೊಟ್ಟಿ ಒಣಗಿ ಕಟಕ ರೊಟ್ಟಿಯಾಗುತ್ತಿತ್ತು, ವಾರ ಬಿಟ್ಟು ತಿಂದರೂ ನಡೆಯುತ್ತಿತ್ತು. ಅದರಲ್ಲೂ ಒಂದು ಚೂರು ಬಾಗಿಲ ಮುಂದೆ ಬಿದ್ದುಕೊಂಡಿರುತ್ತಿದ್ದ ನಾಯಿಗೆ. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದು ಜಿಪುಣನನ್ನು ಬೈಯುತ್ತೇವಲ್ಲ, ಆ ಮಾತು ಹುಟ್ಟಬೇಕಾದರೆ ಎಂಜಲಲ್ಲಿ ಕಾಗೆಗೂ ಒಂದು ಹಕ್ಕಿದೆ ಎಂಬುದನ್ನು ಊರು ಒಪ್ಪಿರಬೇಕು. ಒಲೆಯ ಬೂದಿ ಪಾತ್ರೆ ತಿಕ್ಕಲಿಕ್ಕೆ. ಹರಿದ ಸೀರೆ ಕೌದಿಗೆ. ಇಷ್ಟೆಲ್ಲ ಕಳೆದು ಉಳಿದ ಸಗಣಿ, ದನ ಬಿಟ್ಟ ಕಣಿಕೆ, ರವದಿ, ಅಂಗಳ ಗುಡಿಸಿದ ಮಣ್ಣು ಮಾತ್ರ ತಿಪ್ಪೆಗುಂಡಿಗೆ. ಅಲ್ಲಿ ಕೋಳಿ ಕೆದರುವುದಕ್ಕೆ ಹುಳ ಸಿಗುತ್ತಿತ್ತೇ ಹೊರತು ನಾಯಿ ಹಿಂಡಿಗೆ ಊಟ ಸಿಗುತ್ತಿರಲಿಲ್ಲ.

ಪ್ರಾಣಿಗಳನ್ನು ಕಸದಿಂದ ದೂರ ಇಡುವುದಕ್ಕೆ ನಮ್ಮ ಹಿರಿಯರು ಬೇಲಿಯನ್ನಾಗಲಿ ಮುಚ್ಚಳವನ್ನಾಗಲಿ ನೆಚ್ಚಿಕೊಳ್ಳಲಿಲ್ಲ. ಪ್ರಾಣಿಯ ಪಾಲನ್ನು ಕಸವಾಗುವ ಮುಂಚೆಯೇ ಎತ್ತಿ ಕೊಟ್ಟುಬಿಡುತ್ತಿದ್ದರು. ಇನ್ನೊಂದು ಸಂಗತಿಯೂ ಇದೆ. ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಬಾರದು, ಲಕ್ಷ್ಮಿ ಹೋಗುತ್ತಾಳೆ ಎನ್ನುತ್ತಾರೆ. ಕತ್ತಲೆಯಲ್ಲಿ ಗುಡಿಸಿದರೆ ಮೂಗುತಿ, ಕಿವಿಯೋಲೆಯ ಹರಳು ಕಸದ ಜೊತೆ ಹೋದೀತು ಎಂದು ಇದಕ್ಕೆ ವಿವರಣೆ ಕೊಡುವುದುಂಟು. ನನಗೆ ಅನಿಸುವುದೇ ಬೇರೆ. ಸುತ್ತ ನರಿ, ತೋಳ, ಕತ್ತೆಕಿರುಬ ಓಡಾಡುತ್ತಿದ್ದ ಬಯಲುಸೀಮೆಯಲ್ಲಿ ರಾತ್ರಿ ಬಾಗಿಲ ಹೊರಗೆ ವಾಸನೆಯ ಪದಾರ್ಥ ಇಡದಿರುವುದು ಜಾಣತನ. ಲಕ್ಷ್ಮಿಯ ಹೆಸರು ಹೇಳಿದರೆ ಯಾರೂ ವಾದ ಮಾಡುವುದಿಲ್ಲ, ಅಷ್ಟೇ. ಇದು ನನ್ನ ಊಹೆ, ಸಾಕ್ಷಿ ಕೇಳಬೇಡಿ.

ತಿಪ್ಪೆಗೆ ಮರ್ಯಾದೆಯೂ ಇತ್ತು. ದೀಪಾವಳಿಯ ಪಾಡ್ಯಕ್ಕೆ ನಮ್ಮ ಕಡೆ ಸಗಣಿಯ ಪಾಂಡವರನ್ನು, ಹಟ್ಟಿ ಲಕ್ಕವ್ವನನ್ನು ಮಾಡಿ ಉತ್ತರಾಣಿ ಕಡ್ಡಿ, ಹೂವು ಚುಚ್ಚಿ ಪೂಜಿಸುತ್ತಾರೆ. ಕೆಲವು ಮನೆಗಳಲ್ಲಿ ಒಂದು ಜೋಡಿ ತಿಪ್ಪೆಯ ಮೇಲೂ ಹೋಗಿ ಕೂರುತ್ತದೆ. ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುತ್ತಿದ್ದರು. ಸಾವು ಬಂದು ನೋಡಿ, ಇದು ಯಾರೋ ಬಿಸಾಡಿದ್ದು ಎಂದು ಬಿಟ್ಟು ಹೋಗಲಿ ಎಂಬ ಉಪಾಯ. ಎಲ್ಲರೂ ಬೇಡವೆಂದು ಎಸೆದದ್ದು ಮತ್ತೆ ಚಿಗುರುವ ಜಾಗ ಅದೊಂದೇ ಎಂಬ ತಿಳಿವಳಿಕೆಯೂ ಆ ಹೆಸರಿನೊಳಗೆ ಇದ್ದಿರಬಹುದು. ಬೇಸಗೆಯಲ್ಲಿ ಚಕ್ಕಡಿ ಕಟ್ಟಿ ಗೊಬ್ಬರ ಹೇರಿ, ಮೊದಲ ಮಳೆಗೆ ಮುಂಚೆ ಎರಿ ಹೊಲದಲ್ಲಿ ಹರಡಿದರೇ ಆ ವರ್ಷದ ಜೋಳ, ಹತ್ತಿ. ಹೆಣ್ಣು ಕೊಡುವವರು ತಿಪ್ಪೆಯ ಎತ್ತರ ನೋಡಿ ಮನೆಯ ದನ ಎಣಿಸುತ್ತಿದ್ದರು ಎಂದು ಹಿರಿಯರು ನಗುತ್ತಾ ಹೇಳುತ್ತಾರೆ.

ಹಾಗೆಂದು ಆ ಕಾಲವನ್ನು ತೀರ ಸಿಹಿಯಾಗಿ ನೋಡಬೇಕಿಲ್ಲ. ಗುಡಿಸುವುದು, ಹೊರುವುದು ಹೆಂಗಸರ ಕೆಲಸ. ಸತ್ತ ದನವನ್ನು ಊರ ಹೊರಗೆ ಎಳೆದೊಯ್ಯುವ ಕೆಲಸವನ್ನು ಹುಟ್ಟಿನ ಕಾರಣಕ್ಕೆ ಕೆಲವರ ಹೆಗಲಿಗೇ ಕಟ್ಟಿದ್ದರು. ಊರು ಸ್ವಚ್ಛವಾಗಿತ್ತು ಎನ್ನುವಾಗ ಯಾರಿಂದ ಸ್ವಚ್ಛವಾಗಿತ್ತು ಎಂದು ಕೇಳದಿದ್ದರೆ ಅದು ತಿಪ್ಪೆ ಸಾರಿಸುವ ಮಾತಾಗುತ್ತದೆ.

ಇಂಗ್ಲಿಷರ ಕಣ್ಣಿಗೆ ತಿಪ್ಪೆ ಎರಡು ರೀತಿ ಕಂಡಿತು. ಜೆ. ಎ. ವೋಲ್ಕರ್ ಎಂಬ ಕೃಷಿ ರಸಾಯನ ತಜ್ಞ ದೇಶವೆಲ್ಲ ತಿರುಗಿ 1893ರಲ್ಲಿ ವರದಿ ಪ್ರಕಟಿಸಿದ. ಇಲ್ಲಿಯ ರೈತನಿಗೆ ಗೊಬ್ಬರದ ಬೆಲೆ ಗೊತ್ತಿಲ್ಲವೆಂಬ ಮಾತನ್ನು ಅವನು ಒಪ್ಪಲಿಲ್ಲ. ಸಗಣಿ ಕುಳ್ಳಾಗಿ ಒಲೆಗೆ ಹೋಗುತ್ತಿರುವುದು ಕಟ್ಟಿಗೆ ಇಲ್ಲದ್ದಕ್ಕೆ, ಉರುವಲಿಗೆ ಕಾಡು ಬೆಳೆಸಿರಿ, ಸಗಣಿ ತಾನಾಗಿ ಹೊಲಕ್ಕೆ ಹೋಗುತ್ತದೆ ಎಂದ. ಆದರೆ ಆರೋಗ್ಯ ಇಲಾಖೆಯ ಕಣ್ಣಿಗೆ ಅದೇ ತಿಪ್ಪೆ ರೋಗದ ಗೂಡು. ಬೆಳಗಾವಿ ಜಿಲ್ಲೆ ಆಗ ಮುಂಬೈ ಪ್ರಾಂತಕ್ಕೆ ಸೇರಿತ್ತು. ಹಳ್ಳಿಗಳ ನೈರ್ಮಲ್ಯಕ್ಕೆಂದೇ ಮುಂಬೈ ಸರ್ಕಾರ 1889ರಲ್ಲಿ ಒಂದು ಕಾಯ್ದೆ ತಂದಿತು. ಏಳು ವರ್ಷ ಕಳೆದು 1896ರಲ್ಲಿ ಮುಂಬೈಗೆ ಪ್ಲೇಗು ಬಂತು. ಅದು ರೈಲು ಹಾದಿ ಹಿಡಿದು ನಮ್ಮ ಸೀಮೆಗೂ ಇಳಿಯಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಹಾಫ್ಕಿನ್ ಲಸಿಕೆಯನ್ನು ಸಾವಿರಾರು ಜನರಿಗೆ ಚುಚ್ಚಿದ ಕಾರ್ಯ ವೈದ್ಯಚರಿತ್ರೆಯಲ್ಲೇ ದೊಡ್ಡದು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆಂದು ತೋರಿಸಿಕೊಟ್ಟ. ನಮ್ಮ ಜನಕ್ಕೆ ಚಿಗಟದ ವಿಷಯ ಗೊತ್ತಿರಲಿಲ್ಲ, ಇಲಿಯ ವಿಷಯ ಗೊತ್ತಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಪ್ಲೇಗಿಗೆ ಊರು ಬಿಟ್ಟ ವರ್ಷ ಎಂದು ವಯಸ್ಸು ಲೆಕ್ಕ ಹಾಕುವವರು ನಮ್ಮ ಮುತ್ಯಾನ ಕಾಲದವರೆಗೂ ಇದ್ದರು. ತಿಪ್ಪೆಯ ಮೇಲೆ ಮೊದಲ ಸಲ ಅನುಮಾನ ಹುಟ್ಟಿದ್ದು ಆಗ. ಇಲಿಗೆ ಬೇಕಾದದ್ದು ತಿಪ್ಪೆಯಲ್ಲ, ಮನೆಯೊಳಗಿನ ಕಾಳು. ಆದರೂ ಅಪವಾದ ಹೊತ್ತದ್ದು ಅಂಗಳದ ತಿಪ್ಪೆ.

ಮುಂಬೈಯ ಮಾತು ಬಂತಲ್ಲ, ನಾಯಿಗಳ ಮಟ್ಟಿಗೆ ಅಲ್ಲಿಯದೊಂದು ಪ್ರಸಂಗ ಹೇಳಲೇಬೇಕು. ರಾಯಣ್ಣನನ್ನು ಗಲ್ಲಿಗೇರಿಸಿದ ಮರುವರ್ಷ, 1832ರ ಜೂನ್ ತಿಂಗಳಲ್ಲಿ ಆ ನಗರದಲ್ಲಿ ಗಲಭೆಯಾಯಿತು. ಬೀದಿನಾಯಿ ಕೊಂದರೆ ಒಂದಕ್ಕೆ ಎಂಟಾಣೆ ಇನಾಮು ಎಂದು ಕಂಪನಿ ಸರ್ಕಾರ ಸಾರಿತ್ತು. ಇನಾಮಿನ ಆಸೆಗೆ ಪೊಲೀಸರು ಮನೆ ಬಾಗಿಲಲ್ಲಿ ಮಲಗಿದ್ದ ನಾಯಿಗಳನ್ನೂ ಬಿಡಲಿಲ್ಲ. ಪಾರ್ಸಿಗಳ ಧರ್ಮದಲ್ಲಿ ಶವಸಂಸ್ಕಾರಕ್ಕೂ ನಾಯಿಯ ನೋಟ ಬೇಕು. ಅವರು ಬೀದಿಗಿಳಿದರು, ಹಿಂದೂ ಮುಸ್ಲಿಂ ವ್ಯಾಪಾರಿಗಳೂ ಅಂಗಡಿ ಮುಚ್ಚಿ ಕೂಡಿಕೊಂಡರು. ಕೋಟೆಯ ಸಿಪಾಯಿಗಳಿಗೆ ಆ ದಿನ ರೊಟ್ಟಿ, ಮಾಂಸ ಸಿಗದ ಹಾಗಾಯಿತು. ಕೊಲ್ಲುವುದು, ಬೇಡವೆನ್ನುವುದು, ಕೋರ್ಟು ಎಂಬ ಜಗ್ಗಾಟ ಈ ದೇಶದಲ್ಲಿ ಎರಡು ಶತಮಾನದಿಂದ ನಡೆದೇ ಇದೆ. 2025ರ ಆಗಸ್ಟ್ 11ರಂದು ದಿಲ್ಲಿಯ ನಾಯಿಗಳನ್ನೆಲ್ಲ ಹಿಡಿದು ಆಶ್ರಯಕ್ಕೆ ಹಾಕಿ ಎಂದ ಸುಪ್ರೀಂ ಕೋರ್ಟು, ಅದೇ 22ಕ್ಕೆ ತನ್ನ ಆದೇಶ ಬದಲಿಸಿತು. ಸಂತಾನಹರಣ ಮಾಡಿ, ಚುಚ್ಚುಮದ್ದು ಹಾಕಿ, ಹಿಡಿದ ಜಾಗಕ್ಕೇ ಬಿಡಿ, ಊಟ ಹಾಕಲು ಜಾಗ ಗುರುತಿಸಿ ಎಂದಿತು. ಊಟದ ಜಾಗ ಗುರುತಿಸುವ ಮಾತು ಓದಿದಾಗ ನನಗೆ ಬಾಗಿಲ ಮುಂದಿನ ಆ ರೊಟ್ಟಿಯ ಚೂರು ನೆನಪಾಯಿತು.

ಇನ್ನು ಕಸದ ಡಬ್ಬಿ. ಅದೂ ಹೊರಗಿನದೇ. 1883ರಲ್ಲಿ ಪ್ಯಾರಿಸಿನ ಆಡಳಿತಾಧಿಕಾರಿ ಯುಜೀನ್ ಪುಬೆಲ್, ಮನೆ ಮಾಲೀಕರೆಲ್ಲ ಬಾಡಿಗೆದಾರರಿಗೆ ಮುಚ್ಚಳವಿರುವ ಡಬ್ಬಿ ಒದಗಿಸಬೇಕೆಂದು ಆಜ್ಞೆ ಮಾಡಿದ. ಕೊಳೆಯುವ ಕಸ, ಕಾಗದ ಬಟ್ಟೆ, ಗಾಜು ಚಿಪ್ಪು ಎಂದು ಬೇರೆ ಬೇರೆ ಹಾಕಬೇಕೆಂಬುದೂ ಅದರಲ್ಲಿತ್ತು. ಬೀದಿಯ ಕಸದಿಂದ ಚಿಂದಿ ಆರಿಸಿ ಬದುಕುತ್ತಿದ್ದ ಸಾವಿರಾರು ಜನ, ಮುಚ್ಚಳ ಬಿದ್ದರೆ ನಮ್ಮ ಹೊಟ್ಟೆಗೇನು ಎಂದು ಎದ್ದು ನಿಂತರು. ಫ್ರೆಂಚರು ಇವತ್ತಿಗೂ ಕಸದ ಡಬ್ಬಿಯನ್ನು ಆ ಅಧಿಕಾರಿಯ ಹೆಸರಿನಿಂದಲೇ ಕರೆಯುತ್ತಾರೆ. ಕಸಕ್ಕೆ ಮುಚ್ಚಳ ಹಾಕುವಾಗ ಅದನ್ನು ನಂಬಿಕೊಂಡವರು ಯಾರೆಂದು ಕೇಳಬೇಕೆಂಬ ಪಾಠ ಅಲ್ಲಿಯೇ ಸಿಕ್ಕಿತ್ತು. ಯಾರೂ ಕಲಿತಂತೆ ಕಾಣುವುದಿಲ್ಲ.

ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಶಾಸ್ತ್ರೀಯ ಉತ್ತರ ಕೊಟ್ಟವರು ಸಿ. ಎನ್. ಆಚಾರ್ಯ. ಅದಕ್ಕೆ ಹಿನ್ನೆಲೆಯಾಗಿ ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ ಯಶವಂತ ವಾಡ್ ಅವರ ಜೊತೆ ಸೇರಿ ರೈತರ ತಿಪ್ಪೆಯನ್ನೇ ತಿದ್ದಿ, 1931ರಲ್ಲಿ ಇಂದೋರ್ ಪದ್ಧತಿಯ ಪುಸ್ತಕ ಬರೆದಿದ್ದರು. ಅದರಲ್ಲಿ ಗೊಬ್ಬರವನ್ನು ಆಗಾಗ ಮಗುಚಬೇಕು. ಪಟ್ಟಣಗಳಿಗೆ ಅದು ಕಷ್ಟ. 1939ರಲ್ಲಿ ಆಚಾರ್ಯರು ಬೆಂಗಳೂರಿನಲ್ಲಿ ರೂಪಿಸಿದ ಪದ್ಧತಿ ಬೇರೆ. ಉದ್ದನೆಯ ಗುಂಡಿಯಲ್ಲಿ ಊರ ಕಸದ ಒಂದು ಪದರ, ಮಲದ ಒಂದು ಪದರ, ಹೀಗೆ ತುಂಬಿ ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವುದು. ಮೊದಲ ಎಂಟು ಹತ್ತು ದಿನ ಒಳಗಿನ ಗಾಳಿಯಿಂದ ಕಾವೇರಿ ಬೇಗ ಕೊಳೆಯುತ್ತದೆ, ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ. ಆರರಿಂದ ಎಂಟು ತಿಂಗಳಿಗೆ ಗೊಬ್ಬರ. ಮಗುಚುವ ಕೂಲಿ ಉಳಿಯಿತು, ನೊಣ ನಿಂತವು, ಹಸಿ ಇಂಗದೆ ಉಳಿಯಿತು. ಮಣ್ಣು ಮೆತ್ತಿದ ಗುಂಡಿಯನ್ನು ಹಂದಿ ನಾಯಿ ಕೆದರುವುದೂ ಸುಲಭವಲ್ಲ. ಜಗತ್ತಿನ ಕೃಷಿ ಪುಸ್ತಕಗಳಲ್ಲಿ ಇದು ಇಂದಿಗೂ ಬೆಂಗಳೂರು ಪದ್ಧತಿ ಎಂದೇ ಇದೆ. ಬೆಂಗಳೂರು ಕಸಕ್ಕೆ ಹೆಸರಾದದ್ದನ್ನು ಕೇಳಿದವರಿಗೆ ಈ ಹೆಸರೂ ತಿಳಿದಿರಲಿ.

ಆದರೆ ಆ ಎರಡನೆಯ ಪದರ ಗುಂಡಿಗೆ ಹೇಗೆ ಬರುತ್ತಿತ್ತು? ಮನುಷ್ಯರು ಬಕೆಟ್ಟಿನಲ್ಲಿ ತುಂಬಿ ತಲೆಯ ಮೇಲೆ ಹೊತ್ತು ತರುತ್ತಿದ್ದರು. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಸಾರಜನಕ. ಹೊತ್ತವನಿಗೆ ಬೇರೆಯದೇ ಲೆಕ್ಕ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಲ್ಲಿಸಿದರು. ಇಡೀ ದೇಶಕ್ಕೆ ಅಂಥ ಕಾನೂನು ಬಂದದ್ದು 1993ರಲ್ಲಿ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಬಸವಲಿಂಗಪ್ಪನವರ ಹೆಸರು ಗೊತ್ತಿರುವುದು 1973ರ ಬೂಸಾ ಪ್ರಕರಣದಿಂದ. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರೆಂದು ಊರೂರಲ್ಲಿ ಗಲಾಟೆ ಎದ್ದು ಅವರು ಮಂತ್ರಿಗಿರಿ ಬಿಡಬೇಕಾಯಿತು. ಬೂಸಾ ದನದ ಮೇವು, ಕಸವೇನಲ್ಲ. ನಮ್ಮ ಸೀಮೆಯ ಒಕ್ಕಲಿಗನಿಗೆ ಅದರಲ್ಲಿ ಅಂಥ ಬೈಗುಳ ಏನೂ ಕಾಣಲಿಕ್ಕಿಲ್ಲ. ನಾವು ಆ ಒಂದು ಶಬ್ದವನ್ನು ಐವತ್ತು ವರ್ಷದಿಂದ ನೆನಪಿಟ್ಟುಕೊಂಡಿದ್ದೇವೆ. ಬಕೆಟ್ಟು ಇಳಿಸಿದ ಆದೇಶವನ್ನು ಎಷ್ಟು ಜನ ನೆನೆಯುತ್ತೇವೆ ಎಂದು ಆಗಾಗ ಅನಿಸುತ್ತದೆ.

ತಿಪ್ಪೆ ಸೋತದ್ದು ಕಾನೂನಿನಿಂದಲ್ಲ. ಟ್ರ್ಯಾಕ್ಟರು ಬಂತು, ಎತ್ತು ಹೋದವು. ಗೊಬ್ಬರ ಚೀಲದಲ್ಲಿ ಬಂತು. ಎಮ್ಮೆ ಇದ್ದ ಮನೆಗೆ ಪಾಕೀಟು ಹಾಲು ಬಂತು. ಎಮ್ಮೆ ಹೋದ ದಿನವೇ ಮುಸುರೆಗೆ ವಾರಸುದಾರರಿಲ್ಲದಾಯಿತು, ಅದು ಗಟಾರದ ಪಾಲಾಯಿತು. ಹಿತ್ತಲ ತಿಪ್ಪೆಗುಂಡಿಯ ಜಾಗದಲ್ಲಿ ಮಕ್ಕಳಿಗೆಂದು ಇನ್ನೊಂದು ಕೋಲಿ ಎದ್ದಿತು. ಉಳಿದ ಅನ್ನವನ್ನು ಕ್ಯಾರಿಬ್ಯಾಗಿಗೆ ಹಾಕಿ ಗಂಟು ಕಟ್ಟಿ ಎಸೆಯುವುದು ರೂಢಿಯಾಯಿತು. ಗಂಟು ಬಿಚ್ಚಲು ನಾಯಿಗೆ ಹಲ್ಲಿದೆ, ದನಕ್ಕಿಲ್ಲ. ಅದು ಚೀಲ ಸಮೇತ ನುಂಗುತ್ತದೆ. ಪ್ಲಾಸ್ಟಿಕ್ ಚೀಲವನ್ನು ರಾಜ್ಯ ಸರ್ಕಾರ 2016ರಲ್ಲಿ ನಿಷೇಧಿಸಿತು. ಸಂತೆಗೆ ಹೋಗಿ ನೋಡಿದರೆ ನಿಷೇಧ ಎಲ್ಲಿದೆ ಎಂದು ಹುಡುಕಬೇಕು.

ಇದೇ ಹೊತ್ತಿನಲ್ಲಿ ಮೇಲಿನಿಂದಲೂ ಒಂದು ಪಾಲುದಾರ ಕಾಣೆಯಾದ. 1990ರ ದಶಕದಲ್ಲಿ ದನಗಳಿಗೆ ನೋವಿಗೆಂದು ಕೊಡಲು ತೊಡಗಿದ ಡೈಕ್ಲೋಫಿನ್ಯಾಕ್ ಎಂಬ ಔಷಧಿ, ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. ಕಾರಣ ಗೊತ್ತಾದದ್ದು 2004ರಲ್ಲಿ, ಪಶುಗಳಿಗೆ ಆ ಔಷಧಿ ನಿಷೇಧವಾದದ್ದು 2006ರಲ್ಲಿ. ಅಷ್ಟರಲ್ಲಿ ಹದ್ದಿನ ಸಂತತಿಯೇ ಮುಗಿಯುತ್ತ ಬಂದಿತ್ತು. ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಲ್ಲಿ ರಣಹದ್ದು ಧಾಮ ಮಾಡಿ ಉಳಿದ ಕೆಲವನ್ನು ಕಾಯಬೇಕಾಯಿತು. ಹದ್ದು ಬಿಟ್ಟ ಹೆಣ ನಾಯಿಯ ಪಾಲಾಯಿತು, ನಾಯಿ ಹೆಚ್ಚಿದವು, ಹುಚ್ಚುನಾಯಿ ರೋಗದ ಭಯ ಹೆಚ್ಚಿತು. ಹದ್ದು ಕಡಿಮೆಯಾದ್ದರಿಂದ 2000ದಿಂದ 2005ರ ಅವಧಿಯಲ್ಲಿ ಭಾರತದಲ್ಲಿ ಐದು ಲಕ್ಷದಷ್ಟು ಹೆಚ್ಚುವರಿ ಸಾವು ಸಂಭವಿಸಿರಬಹುದೆಂದು 2024ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಅಂದಾಜು ಕಟ್ಟಿದ್ದಾರೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಬೀದಿನಾಯಿಗಳು ಸುಮಾರು 1.5 ಕೋಟಿ, ಬೀಡಾಡಿ ದನ ಸುಮಾರು 50 ಲಕ್ಷ. ರಾಮದುರ್ಗದಿಂದ ಆಚೆಗಿನ ಮುಧೋಳದ ಬೇಟೆನಾಯಿಗೆ ರಾಜರ ಕೈಯಿಂದ ಇಂಗ್ಲೆಂಡಿನ ಅರಮನೆಗೆ ಹೋದ ಚರಿತ್ರೆಯಿದೆ. ತಿಪ್ಪೆಯ ನಾಯಿಗೆ ಗಣತಿಯ ಈ ಸಾಲೇ ಚರಿತ್ರೆ.

ದುಡ್ಡಿರುವ ಊರಿನವರು ಏನು ಮಾಡುತ್ತಾರೆ ಎಂದು ಕುತೂಹಲವಿದ್ದರೆ ಕೆನಡಾದ ಟೊರಾಂಟೊ ನೋಡಬಹುದು. ನಮ್ಮ ಕಡೆಯ ಹುಡುಗರೂ ಅಲ್ಲಿ ಮನೆ ಮಾಡಿದ್ದಾರೆ. ಅಲ್ಲಿ ಕಸಕ್ಕೆ ಬೀಳುವುದು ರಕೂನ್. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಹಾಗಿರುವ, ಬೆಕ್ಕಿಗಿಂತ ದಪ್ಪನೆಯ ನಿಶಾಚರಿ. ಕೈಯಿಂದ ಕೆರೆಯುವುದು ಎಂಬ ಅರ್ಥದ ಅಮೆರಿಕದ ಮೂಲನಿವಾಸಿಗಳ ಮಾತಿನಿಂದ ಅದಕ್ಕೆ ಆ ಹೆಸರು. ಮುಂಗೈಯ ಬೆರಳುಗಳು ಮನುಷ್ಯನ ಬೆರಳಿನಷ್ಟೇ ಚುರುಕು. 2016ರಲ್ಲಿ ನಗರಸಭೆ 3.1 ಕೋಟಿ ಡಾಲರ್ ಖರ್ಚಿನಲ್ಲಿ ತಿರುಗಿಸುವ ಬೀಗದ ಹೊಸ ಹಸಿ ಕಸದ ಡಬ್ಬಿ ಹಂಚಿತು. ಲಾರಿ ಎತ್ತಿ ತಲೆಕೆಳಗು ಮಾಡಿದಾಗ ಬೀಗ ತಾನೇ ತೆರೆಯುತ್ತದೆ. ಯಾರ್ಕ್ ವಿಶ್ವವಿದ್ಯಾಲಯದ ಸುಝೇನ್ ಮ್ಯಾಕ್‌ಡೊನಾಲ್ಡ್ ಎಂಬ ವಿದ್ವಾಂಸೆ ಆ ಬೀಗವನ್ನು ರಕೂನ್‌ಗಳ ಮುಂದಿಟ್ಟೇ ಪರೀಕ್ಷಿಸಿದ್ದರು. ಎರಡು ವರ್ಷದೊಳಗೆ ಒಂದು ರಕೂನ್ ಡಬ್ಬಿ ಕೆಡವಿ ಹಿಡಿ ತಿರುಗಿಸಿ ತೆರೆಯುವುದು ಪತ್ರಕರ್ತೆಯೊಬ್ಬರ ಕ್ಯಾಮೆರಾಕ್ಕೆ ಸಿಕ್ಕಿತು. ಹೆಚ್ಚಿನ ಡಬ್ಬಿಗಳು ತಡೆದವು, ಎಲ್ಲವೂ ಅಲ್ಲ. ಇಂಥ ಊರುಗಳಲ್ಲಿ ಮೊದಲು ಕೊಡುವ ಸಲಹೆ ಬಹಳ ಸರಳ. ರಾತ್ರಿ ಡಬ್ಬಿ ಹೊರಗಿಡಬೇಡಿ, ಲಾರಿ ಬರುವ ದಿನ ಬೆಳಿಗ್ಗೆ ಇಡಿ. ಲಕ್ಷ್ಮಿಯ ಹೆಸರು ಮಾತ್ರ ಹೇಳುವುದಿಲ್ಲ.

ಈಗ ನಮ್ಮ ಪಂಚಾಯಿತಿಗಳಲ್ಲಿ ಸ್ವಚ್ಛ ವಾಹಿನಿ ಬಂದಿದೆ. ಎಷ್ಟೋ ಕಡೆ ಅದನ್ನು ಓಡಿಸುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ. ಹಾಡು ಹಾಕಿಕೊಂಡು ಗಾಡಿ ಬರುತ್ತದೆ, ಹಸಿ ಕಸ ಒಣ ಕಸ ಬೇರೆ ಮಾಡಿ ಕೊಡಿ ಎನ್ನುತ್ತದೆ. ಗಾಡಿ ಬರುವ ದಿನ ಮೂಲೆ ಸ್ವಚ್ಛ, ಡೀಸೆಲ್ ಬಿಲ್ಲು ನಿಂತ ವಾರ ಮತ್ತೆ ನಾಯಿ. ಹಸಿ ಕಸಕ್ಕೆ ಊರ ಹೊರಗೆ ಗೊಬ್ಬರದ ತೊಟ್ಟಿ ಕಟ್ಟಿದ ಕಡೆಗಳಲ್ಲೂ ಬಹಳ ಮನೆಯವರು ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಕೊಡುತ್ತಾರೆ. ಗಾಡಿಯ ಮೇಲೆ ನಿಂತ ಹೆಣ್ಣುಮಗಳು ಬರಿಗೈಯಲ್ಲಿ ಬಿಡಿಸುತ್ತಾಳೆ. ಕೈಗವಸಿಲ್ಲವೇ ಎಂದು ಕೇಳಿದರೆ, "ಕೊಟ್ಟಿದ್ರು ಅಣ್ಣಾ, ಹರದು ಹೋಗ್ಯಾವ" ಎಂದಳು ಒಬ್ಬಳು. ಕಟ್ಟೆಯ ಆಯಿಗೆ ಈ ಗಾಡಿಯ ಮೇಲೆ ಅಂಥ ಸಿಟ್ಟೇನಿಲ್ಲ. ಆದರೆ ಮುಸುರೆಯನ್ನು ಮಾತ್ರ ಅದಕ್ಕೆ ಕೊಡುವುದಿಲ್ಲ. ಎರಡು ಮನೆ ಆಚೆಗೆ ಇನ್ನೂ ಒಂದು ಎಮ್ಮೆ ಉಳಿದಿದೆ, ಬೆಳಿಗ್ಗೆ ಎದ್ದು ಅಲ್ಲಿಗೆ ಒಯ್ದು ಹಾಕಿ ಬರುತ್ತಾಳೆ. ಎಮ್ಮೆಯ ಮನೆಯವರು ದೀಪಾವಳಿಯ ನಂತರ ಅದನ್ನು ಮಾರುವ ಮಾತಾಡುತ್ತಿದ್ದಾರೆ.